ಎದೆಯುರಿ, ಒಂದೆಲಗ, ಎರಡು ಸಾಲಿಡ್ ಬ್ಲಾಕ್: ಎಂಟು ತಿಂಗಳ ಲೆಕ್ಕ

ಶುರು ಮಾಡಿದ್ದು ಜೂನ್ ಮೊದಲ ವಾರ. ಆರು ವರ್ಷದ ಎದೆಯುರಿ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಆಮ್ಲ ತಗ್ಗಿಸುವ ಒಂದು ಮಾತ್ರೆ, ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ. ಇದನ್ನು ಬಿಟ್ಟು ಮನೆಮದ್ದು, ಊಟ, ಪ್ರಕೃತಿ ಚಿಕಿತ್ಸೆ ಇಷ್ಟರಲ್ಲೇ ಎಷ್ಟು ದೂರ ಹೋಗಬಹುದು ನೋಡೋಣ ಅಂತ ಹೊರಟೆ. ಬೆಂಗಳೂರಿನ ಬಾಡಿಗೆ ಮನೆಯ ತಾರಸಿಯಲ್ಲಿ ಹಿಂದಿನವರು ಬಿಟ್ಟುಹೋದ ಒಂಬತ್ತು ಕುಂಡಗಳಿದ್ದವು. ಸಾಗರದಿಂದ ಫೋನಿನಲ್ಲೇ ವೈದ್ಯ ಮಾಡುವ ಅಮ್ಮ ಇದ್ದರು.

ದಿನಾ ಲೆಕ್ಕ ಬರೆಯುವುದೇ ನನ್ನ ಕೆಲಸ, ಹಾಗಾಗಿ ಇದಕ್ಕೂ ಒಂದು ಹಳೇ ಲೆಡ್ಜರ್ ತೆರೆದೆ. ರಾತ್ರಿ ಮಲಗುವ ಮುಂಚೆ ಒಂದು ಅಂಕ: ಉರಿ ಇಲ್ಲದಿದ್ದರೆ 0, ನಿದ್ದೆ ಕೆಡಿಸಿದರೆ 3. ವಾರಕ್ಕೆ ಹೆಚ್ಚೆಂದರೆ 21. ಮಾತ್ರೆ ನುಂಗುತ್ತಿದ್ದ ಕೊನೆಯ ವಾರದ ಮೊತ್ತ 9.

ಮೇ ತಿಂಗಳಲ್ಲೇ ಎಂಡೋಸ್ಕೋಪಿ ಆಗಿತ್ತು. ಹುಣ್ಣಿಲ್ಲ, ಸಣ್ಣದೊಂದು ಹಯಾಟಸ್ ಹರ್ನಿಯಾ ಇದೆ ಅಂತ ವರದಿ. ಅಂದರೆ ಜಠರದ ಮೇಲ್ತುದಿ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕಿಂಡಿಯಲ್ಲಿ ತುಸು ಮೇಲಕ್ಕೆ ನುಸುಳಿದೆ. ಆ ಹಾಳೆ ಫೈಲಿಗೆ ಸೇರಿತು, ತಲೆಗೆ ಸೇರಲಿಲ್ಲ. ಸೇರಿದ್ದರೆ ಈ ಬರಹ ಅರ್ಧದಷ್ಟೇ ಇರುತ್ತಿತ್ತು.

ಜೂನ್

ಒಂದೇ ಏಟಿಗೆ ಮಾತ್ರೆ ನಿಲ್ಲಿಸಿದೆ. ಬದಲಿಗೆ ಅಮ್ಮನ ಕಷಾಯದ ಪುಡಿ, ದಿನಕ್ಕೆ ಮೂರು ಲೋಟ. ಕಾಫಿ ಬಂದ್. ಮೊದಲ ಮೂರು ದಿನ ತಲೆನೋವು, ಅದು ಕಾಫಿ ಬಿಟ್ಟಿದ್ದಕ್ಕೆ ಅಂತ ಗೊತ್ತಿತ್ತು. ನಾಲ್ಕನೇ ದಿನದಿಂದ ಶುರುವಾದ ಉರಿ ಮಾತ್ರ ಬೇರೆಯೇ ಜಾತಿಯದು. ರಾತ್ರಿ ಎರಡು ಗಂಟೆಗೆ ಗಂಟಲವರೆಗೆ ಹುಳಿ ಬಂದು ಎದ್ದು ಕೂರುತ್ತಿದ್ದೆ. ಎರಡನೇ ವಾರದ ಮೊತ್ತ 19.

ಅಮ್ಮನಿಗೆ ಹೇಳಿದರೆ "ಕಷಾಯ ಉಷ್ಣ ಆಗಿದೆ, ಮಜ್ಜಿಗೆ ಕುಡಿ" ಅಂದರು. ನನಗೂ ಹಾಗೇ ಅನ್ನಿಸಿತು. ಕೊನೆಗೆ ಸೋತು ಡಾಕ್ಟರ ಹತ್ತಿರ ಹೋದೆ. ಅವರು ಬೈಯಲಿಲ್ಲ, ಚೀಟಿಯ ಹಿಂದೆ ಒಂದು ಸ್ಪ್ರಿಂಗ್ ಚಿತ್ರ ಬರೆದರು. ಆಮ್ಲವನ್ನು ಮಾತ್ರೆ ವರ್ಷಗಟ್ಟಲೆ ಅದುಮಿಟ್ಟಿರುತ್ತದೆ. ಆಮ್ಲ ಸಾಲುತ್ತಿಲ್ಲ ಅಂತ ದೇಹ ಗ್ಯಾಸ್ಟ್ರಿನ್ ಹಾರ್ಮೋನನ್ನು ಹೆಚ್ಚಿಸುತ್ತಾ ಹೋಗುತ್ತದೆ. ಕೈ ತಟ್ಟನೆ ತೆಗೆದರೆ ಸ್ಪ್ರಿಂಗು ಮೊದಲಿದ್ದ ಜಾಗಕ್ಕಿಂತ ಮೇಲಕ್ಕೆ ಚಿಮ್ಮುತ್ತದೆ, ತಣ್ಣಗಾಗಲು ಕೆಲವು ವಾರ ಬೇಕು. 40 ಅನ್ನು 20ಕ್ಕೆ ಇಳಿಸಿ, ಆಮೇಲೆ ದಿನ ಬಿಟ್ಟು ದಿನ ಮಾಡಿ ಅಂದರು. ನುಂಗಲು ಕಷ್ಟವಾದರೆ, ಮಲ ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ ಕಷಾಯ ಗಿಷಾಯ ಅಂತ ಕೂರದೆ ನೇರ ಬನ್ನಿ ಅಂತಲೂ ಸೇರಿಸಿದರು.

ಅಂತೂ ಜೂನ್ ತಿಂಗಳು ನಾನು ಬೈದದ್ದೆಲ್ಲಾ ತಪ್ಪು ಆರೋಪಿಯನ್ನು. ಹಾಗಂತ ಕಷಾಯ ಪೂರ್ತಿ ನಿರ್ದೋಷಿಯೂ ಅಲ್ಲ. ಕಾಳುಮೆಣಸು, ಒಣಶುಂಠಿ ತೆಗೆದು ಮತ್ತೆ ಪುಡಿ ಮಾಡಿದೆ: ಕೊತ್ತಂಬರಿ ಬೀಜ ಎರಡು ಲೋಟ, ಜೀರಿಗೆ ಅರ್ಧ ಲೋಟ, ಮೆಂತ್ಯ ಒಂದು ಚಮಚ, ನಾಲ್ಕು ಏಲಕ್ಕಿ. ಬೇರೆ ಬೇರೆಯಾಗಿ ಹುರಿಯಬೇಕು, ಮೆಂತ್ಯ ಸ್ವಲ್ಪ ಕರಿದಾದರೂ ಇಡೀ ಡಬ್ಬಿ ಕಹಿ. ಇದು ಇವತ್ತಿಗೂ ನಡೆಯುತ್ತಿದೆ.

ಜುಲೈ

ಒಂದೆಲಗದ ತಂಬುಳಿ ಮಾಡಬೇಕೆಂದು ನರ್ಸರಿಗೆ ಹೋಗಿ "ಬ್ರಾಹ್ಮಿ ಇದೆಯಾ" ಕೇಳಿದೆ. ನಮ್ಮ ಕಡೆ ಒಂದೆಲಗಕ್ಕೇ ಬ್ರಾಹ್ಮಿ ಅನ್ನುತ್ತಾರಲ್ಲ. ಕೊಟ್ಟರು. ಎಲೆ ಪುಟ್ಟಪುಟ್ಟದು, ದಪ್ಪ, ನೀರು ತುಂಬಿದ ಹಾಗೆ. ನಗರದ ಮಣ್ಣಿಗೆ ಹೀಗೇ ಬರುತ್ತದೇನೋ ಅಂದುಕೊಂಡೆ. ಮೂರು ವಾರದಲ್ಲಿ ಕುಂಡ ತುಂಬಿತು. ಒಂದು ಹಿಡಿ ಕೊಯ್ದು, ಕಾಯಿತುರಿ ಜೀರಿಗೆ ಹಾಕಿ ರುಬ್ಬಿ ಮಜ್ಜಿಗೆಗೆ ಬೆರೆಸಿದೆ. ಮೊದಲ ತುತ್ತಿಗೇ ನಮ್ಮವರು ತಟ್ಟೆ ಸರಿಸಿ, "ಇದನ್ನು ತಿಂದರೆ ನಿಜವಾಗಲೂ ಜ್ಞಾಪಕಶಕ್ತಿ ಹೆಚ್ಚುತ್ತೆ ಕಣೇ, ಈ ಕಹಿ ಜನ್ಮದಲ್ಲಿ ಮರೆಯಲ್ಲ" ಅಂದರು.

ವಿಡಿಯೋ ಕಾಲ್‌ನಲ್ಲಿ ಎಲೆ ತೋರಿಸಿದಾಗ ಅಮ್ಮ ನಕ್ಕಿದ್ದೇ ನಕ್ಕಿದ್ದು. "ಎಂತ ಮಾರಾಯ್ತಿ, ಅಡಿಕೆ ತೋಟದ ಕಾಲುವೆ ಬದೀಲಿ ಅಷ್ಟು ವರ್ಷ ಒಂದೆಲಗ ಕೊಯ್ದವಳು ನೀನು. ಇದು ನೀರುಬ್ರಾಹ್ಮಿ ಅಲ್ದನೇ?"

ಆಯುರ್ವೇದದ ಲೆಕ್ಕದಲ್ಲಿ ನರ್ಸರಿಯವರೇ ಸರಿ. ಬ್ರಾಹ್ಮಿ ಅಂದರೆ ಸಾಮಾನ್ಯವಾಗಿ ಬಕೋಪ, ನಮ್ಮ ನೀರುಬ್ರಾಹ್ಮಿ. ಒಂದೆಲಗಕ್ಕೆ ಅಲ್ಲಿರುವ ಹೆಸರು ಮಂಡೂಕಪರ್ಣಿ. ಮಂಗಳೂರಿನ ಕಡೆ ಕೇಳಿದ್ದರೆ ತಿಮರೆ ಅನ್ನುತ್ತಿದ್ದೆ, ಗೊಂದಲವೇ ಇರುತ್ತಿರಲಿಲ್ಲ.

ಆಗಸ್ಟ್

ಊರಿಗೆ ಹೋಗಿ ಬಂದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದದ್ದು: ಬೇರು ಸಮೇತ ಒಂದೆಲಗ, ದೊಡ್ಡಪತ್ರೆಯ ನಾಲ್ಕು ಕಡ್ಡಿ, ಒಂದು ಗೇಣು ಅಮೃತಬಳ್ಳಿ. ಒಂದೆಲಗಕ್ಕೆ ಮಧ್ಯಾಹ್ನದ ಬಿಸಿಲು ಆಗದು, ನೀರಿನ ಟ್ಯಾಂಕಿನ ನೆರಳಲ್ಲಿ ಇಟ್ಟಿದ್ದೇನೆ. ದೊಡ್ಡಪತ್ರೆ ಎಲ್ಲಿಟ್ಟರೂ ಬರುತ್ತದೆ, ನೀರು ಹೆಚ್ಚಾದರೆ ಮಾತ್ರ ಬುಡ ಕೊಳೆಯುತ್ತದೆ. ಎರಡು ಕಡ್ಡಿ ಹಾಗೇ ಹೋದವು.

ಅಮೃತಬಳ್ಳಿ ಬಗ್ಗೆ ನನಗೂ ಅಮ್ಮನಿಗೂ ಇನ್ನೂ ಜಗಳ. ಕೊರೊನಾ ಕಾಲದಲ್ಲಿ ಎಲ್ಲರ ಮನೆಯಲ್ಲೂ ಇದರ ಕಷಾಯ ಕುದಿಯುತ್ತಿತ್ತಲ್ಲ. 2021ರಲ್ಲಿ ಮುಂಬೈನ ವೈದ್ಯರು ಇದನ್ನು ಕುಡಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ವರದಿ ಮಾಡಿದರು. ಅದು ಇದೇ ಬಳ್ಳಿಯೋ ಇದರ ದಾಯಾದಿ ಟಿನೊಸ್ಪೊರಾ ಕ್ರಿಸ್ಪಾವೋ ಅಂತ ಆಯುಷ್ ಸಚಿವಾಲಯ ಪ್ರಶ್ನೆ ಎತ್ತಿತು. ದಾಯಾದಿಯ ಕಾಂಡದ ಮೇಲೆ ನರುಲಿಯಂಥ ಗಂಟುಗಂಟು ಜಾಸ್ತಿ. ನಮ್ಮ ಬಳ್ಳಿಗೆ ಕಾಗದದಂತೆ ಸುಲಿಯುವ ತೆಳು ಸಿಪ್ಪೆ, ಕೆಳಗೆ ಹಸಿರು. ಕುಂಡದಲ್ಲಿರುವುದು ಸರಿಯಾದದ್ದೇ. ಆದರೂ ಕುಡಿಯುತ್ತಿಲ್ಲ. ಎದೆಯುರಿಗೆ ಅದು ಯಾಕೆ ಬೇಕು ಅಂತ ಯಾರೂ ನನಗೆ ಒಪ್ಪುವಂತೆ ಹೇಳಿಲ್ಲ. ಕಂಬಿ ಹಿಡಿದು ಹಬ್ಬುತ್ತಿದೆ, ದಾರದಂಥ ಬೇರು ಗಾಳಿಯಲ್ಲಿ ಜೋಲಾಡುವುದನ್ನು ನೋಡಲು ಚೆಂದ.

ತಂಬುಳಿ ಅಂತೂ ವಾರಕ್ಕೆ ಮೂರು ದಿನ. ದೊಡ್ಡಪತ್ರೆಯದು ಹೀಗೆ: ಹತ್ತು ಹನ್ನೆರಡು ಎಲೆಯನ್ನು ಒಂದು ಚಮಚ ತುಪ್ಪದಲ್ಲಿ ಜೀರಿಗೆ ಜೊತೆ ಬಾಡಿಸಬೇಕು. ಎಲೆ ಬಣ್ಣ ಕಳೆದುಕೊಂಡು ಸುರುಟಿ, ಹಸಿ ಘಾಟು ಹೋಗುವವರೆಗೆ. ಅವಸರ ಮಾಡಿದರೆ ಔಷಧಿ ಅಂಗಡಿಯ ವಾಸನೆ ಉಳಿಯುತ್ತದೆ. ಒಂದು ಹಿಡಿ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿ, ಸಾಸಿವೆ ಒಗ್ಗರಣೆ. ಕುದಿಸುವ ಹಾಗಿಲ್ಲ.

ತಿಂಗಳ ಕೊನೆಯ ವಾರ, 20ರ ಮಾತ್ರೆಯ ಮೇಲೆ: 11.

ಸೆಪ್ಟೆಂಬರ್

ಲೆಡ್ಜರ್ ತಿರುವಿ ಹಾಕುವಾಗ ಕಂಡದ್ದು: ಅಂಕ 3 ಬಿದ್ದ ದಿನಗಳಲ್ಲಿ ಏನು ತಿಂದೆ ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ತಿಂದೆ ಅನ್ನುವುದು ಒಂದೇ ಥರ ಇತ್ತು. ಹತ್ತು ಗಂಟೆ ಊಟ, ಹತ್ತೂವರೆಗೆ ಹಾಸಿಗೆ. ಆಗ ನೆನಪಾಯಿತು ಫೈಲಿನ ಹಾಳೆ. ಕಿಂಡಿ ಸಡಿಲ ಇರುವವಳು ತುಂಬಿದ ಹೊಟ್ಟೆಯಲ್ಲಿ ಅಡ್ಡ ಮಲಗಿದರೆ ಒಳಗಿನದು ಮೇಲಕ್ಕೆ ಹರಿಯದೆ ಇನ್ನೇನು? ನೀರಿನ ಬಾಟಲಿಗೂ ಗೊತ್ತಿರುವ ವಿಷಯ.

ಪಕ್ಕದ ಸೈಟಿನ ಮೇಸ್ತ್ರಿಯನ್ನು ಕೇಳಿ ಎರಡು ಆರಿಂಚಿನ ಸಾಲಿಡ್ ಬ್ಲಾಕ್ ತಂದು ಮಂಚದ ತಲೆಯ ಕಡೆಯ ಕಾಲುಗಳಿಗೆ ಕೊಟ್ಟೆ. ಎರಡು ದಿಂಬು ಇಟ್ಟುಕೊಂಡರೆ ಸಾಲದು, ಕತ್ತು ಮಡಚಿ ಹೊಟ್ಟೆ ಒತ್ತುತ್ತದೆ. ಮಂಚವೇ ಏರಬೇಕು. ಊಟ ಏಳೂವರೆಗೆ, ಮಲಗುವುದು ಎಡಮಗ್ಗುಲಿಗೆ. ಜಠರದ ಬಾಗು ಆ ಕಡೆಗಿರುವುದರಿಂದ ಹುಳಿ ಕೆಳಗೇ ನಿಲ್ಲುತ್ತದಂತೆ. ನಮ್ಮವರು ಎರಡು ರಾತ್ರಿ ಜಾರುಬಂಡೆ ಅಂತ ಗೊಣಗಿ, ಮೂರನೇ ದಿನ ಸುಮ್ಮನಾದರು.

ಮೊದಲ ವಾರ 8. ನಾಲ್ಕನೇ ವಾರ 3. ಲೆಡ್ಜರಿನಲ್ಲಿ ಆ 3ರ ಸುತ್ತ ಕೆಂಪು ಇಂಕಿನಲ್ಲಿ ಸುತ್ತು ಹಾಕಿದ್ದೇನೆ.

ನವೆಂಬರ್

18ನೇ ತಾರೀಕು ಪ್ರಕೃತಿ ಚಿಕಿತ್ಸಾ ದಿನ. 1945ರಲ್ಲಿ ಅದೇ ದಿನ ಗಾಂಧೀಜಿ ಪ್ರಕೃತಿ ಚಿಕಿತ್ಸೆಯ ಟ್ರಸ್ಟ್ ಪತ್ರಕ್ಕೆ ಸಹಿ ಹಾಕಿದ್ದರ ನೆನಪಿಗೆ. ಹತ್ತಿರದಲ್ಲೇ ಉಚಿತ ಶಿಬಿರ ಇತ್ತು, ಹೊಟ್ಟೆಗೆ ಮಣ್ಣಿನ ಪಟ್ಟಿ ಹಾಕಿಸಿಕೊಂಡೆ. ಮೂರ್ನಾಲ್ಕು ಅಡಿ ಆಳದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ನೆನೆಸಿ, ಬಟ್ಟೆಯಲ್ಲಿ ಮಡಚಿ ಇಟ್ಟಿಗೆಯ ಹಾಗೆ ಇಡುತ್ತಾರೆ. ಹಾಕಿದ ಕ್ಷಣ ಉಸಿರು ಸಿಕ್ಕಿಕೊಳ್ಳುವಷ್ಟು ತಣ್ಣಗೆ. ಹತ್ತು ನಿಮಿಷಕ್ಕೆ ಮೊದಲ ಮಳೆಯ ವಾಸನೆ, ಇಪ್ಪತ್ತಕ್ಕೆ ನಾನು ಗೊರಕೆ. ಅಲ್ಲಿನ ವೈದ್ಯೆ ಉಜಿರೆಯ ಕಾಲೇಜಿನಲ್ಲಿ ಓದಿದವರು. ಪ್ರಕೃತಿ ಚಿಕಿತ್ಸೆಗೆ ಪದವಿ ಕಾಲೇಜು ಅಂತ 1989ರಲ್ಲಿ ಮೊದಲು ಶುರುವಾದದ್ದು ಅಲ್ಲೇ. ನನ್ನ ಲೆಡ್ಜರ್ ನೋಡಿ, "ಬ್ಲಾಕ್ ತೆಗೀಬೇಡಿ, ಸೊಂಟದ ಸುತ್ತಳತೆ ಸ್ವಲ್ಪ ಇಳಿಸಿ" ಅಂದರು. ಮಣ್ಣಿನ ಪಟ್ಟಿ ಮನೆಯಲ್ಲೂ ಎಂಟು ಸಲ ಮಾಡಿದೆ. ಅಂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಭಾನುವಾರ ಮಧ್ಯಾಹ್ನದ ನಿದ್ದೆಗೆ ಮಾತ್ರ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಜನವರಿ, ಸದ್ಯ

ಮಾತ್ರೆ ವಾರಕ್ಕೆ ಹೆಚ್ಚೆಂದರೆ ಎರಡು, ಮದುವೆಮನೆ ಊಟ ಇದ್ದರೆ. ತೂಕ ನಾಲ್ಕು ಕೆಜಿ ಕಡಿಮೆ, ಅದು ರಾತ್ರಿ ಬೇಗ ಉಣ್ಣುವುದರ ಬಳುವಳಿ. ಕಾಫಿ ಒಂದು ಲೋಟ ವಾಪಸ್ ಬಂದಿದೆ, ಬೆಳಿಗ್ಗೆ, ತಿಂಡಿ ಆದ ಮೇಲೆ. ಕಳೆದ ವಾರ 2.

ಅಮ್ಮ ಫೋನಿನಲ್ಲಿ ಎಲ್ಲರಿಗೂ "ಒಂದೆಲಗ ತಿಂದು ಮಗಳ ಎದೆಯುರಿ ಹೋಯ್ತು" ಅಂತ ಹೇಳುತ್ತಿದ್ದಾರೆ. ಬ್ಲಾಕ್ ವಿಷಯ ಎತ್ತಿದರೆ ಕೇಳಿಸದ ಹಾಗೆ ಮಾಡುತ್ತಾರೆ. ನಾನೂ ಹೆಚ್ಚು ವಾದ ಮಾಡುವುದಿಲ್ಲ, ಮುಂದಿನ ತಿಂಗಳು ಅವರಿಂದ ಇನ್ನಷ್ಟು ಒಂದೆಲಗ ತರಿಸಬೇಕಿದೆ. ಟ್ಯಾಂಕ್ ತುಂಬಿ ಹರಿದು ಆ ಕುಂಡ ಕೊಳೆತಿದೆ. ನೀರುಬ್ರಾಹ್ಮಿ ಮಾತ್ರ ಅದೇ ನೀರಲ್ಲಿ ಹಬ್ಬಿ, ಈಗ ಪಕ್ಕದ ಕುಂಡಕ್ಕೂ ಇಳಿದಿದೆ.