ಕೀಬೋರ್ಡ್ ಕಳಚಿಟ್ಟು ನೋಡಿ

9 ನವೆಂಬರ್ 2025, ಭಾನುವಾರ

ವಿಂಡೋಸ್ 10ರ ಸಾಮಾನ್ಯ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರಲ್ಲೇ ನಡೆಯುತ್ತಿದ್ದ ಮನೆಯ 8 ಇಂಚಿನ ಹಳೇ ಟ್ಯಾಬ್ಲೆಟ್ ಇನ್ನೂ ಗಟ್ಟಿಮುಟ್ಟಾಗಿದೆ, ಗುಜರಿಗೆ ಹಾಕಲು ಮನಸ್ಸಿಲ್ಲ. ಅಪ್ಪ ಕೇಳಿದ್ದೂ ಇಷ್ಟೇ: “ಮಲ್ಕೊಂಡು ಪೇಪರ್ ಓದೋ ಹಾಗಾದ್ರೆ ಸಾಕು ಕಣೋ.” ಹಾಗಾಗಿ ಇವತ್ತಿಡೀ ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ನ ಪರೀಕ್ಷೆ.

ಒಳಗಿರುವುದು ಇಂಟೆಲ್ ಆಟಂ ಝಡ್3735ಎಫ್ ಪ್ರೊಸೆಸರ್, 2 ಜಿಬಿ ರ‍್ಯಾಮ್. ಈ ‘ಬೇ ಟ್ರೇಲ್’ ಪೀಳಿಗೆಯ ಚಿಪ್‌ಗಳ ತೊಡಕು ಬೂಟ್‌ನಿಂದಲೇ, ಅಂದರೆ ಯಂತ್ರ ಆನ್ ಆಗುವಾಗಲೇ ಶುರು. ಪ್ರೊಸೆಸರ್ 64 ಬಿಟ್, ಆಪರೇಟಿಂಗ್ ಸಿಸ್ಟಂಗೂ ಮೊದಲು ಎದ್ದು ಯಂತ್ರವನ್ನು ಶುರು ಮಾಡುವ ಯುಇಎಫ್‌ಐ ಮಾತ್ರ 32 ಬಿಟ್. ‘ಬೂಟ್‌ಐಎ32’ ಎಂಬ ಫೈಲ್ ಇಲ್ಲದ ಪೆನ್‌ಡ್ರೈವ್ ಅದರ ಕಣ್ಣಿಗೇ ಬೀಳುವುದಿಲ್ಲ. ಲಿನಕ್ಸ್‌ನ ಬೇರೆ ಬೇರೆ ರೂಪಗಳಾದ (ಡಿಸ್ಟ್ರೋ) ಡೆಬಿಯನ್, ಫೆಡೋರಾ ಎರಡರಲ್ಲೂ ಇದಕ್ಕೆ ವ್ಯವಸ್ಥೆ ಇದೆ. ಇರುವುದೊಂದೇ ಮೈಕ್ರೋ ಯುಎಸ್‌ಬಿ ಪೋರ್ಟ್ ಆದ್ದರಿಂದ ಪೆನ್‌ಡ್ರೈವ್, ಕೀಬೋರ್ಡು ಎಲ್ಲ ಒಟ್ಟಿಗೆ ಸಿಕ್ಕಿಸಲು ಒಟಿಜಿ ಹಬ್ ಬೇಕೇ ಬೇಕು.

ಯಾವ ಲಿನಕ್ಸ್ ಒಳ್ಳೆಯದು ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ: ಕೀಬೋರ್ಡು, ಮೌಸು ಕಳಚಿಟ್ಟು ನೋಡಿ. ಅವಿದ್ದಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಈ ಬಗೆಯ ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಸಿಲೀಡ್ ಟಚ್ ಚಿಪ್ ಇರುವುದೇ ಹೆಚ್ಚು. ಅದಕ್ಕೆ ಆಯಾ ಮಾಡೆಲ್‌ನದೇ ಫರ್ಮ್‌ವೇರ್ (ಚಿಪ್ಪನ್ನು ನಡೆಸುವ ಪುಟ್ಟ ತಂತ್ರಾಂಶ) ಬೇಕು. ಯಾವ ಮಾಡೆಲ್‌ಗೆ ಯಾವುದು ಎಂಬ ಪಟ್ಟಿ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಕೆಲವು ಟ್ಯಾಬ್ಲೆಟ್‌ಗಳಲ್ಲಂತೂ ಕರ್ನಲ್ ಆ ಫರ್ಮ್‌ವೇರನ್ನು ಯುಇಎಫ್‌ಐ ಒಳಗಿಂದಲೇ ಹೆಕ್ಕಿಕೊಳ್ಳುತ್ತದೆ. ಇದರ ಹಿಂದೆ ಬಹುಪಾಲು ಕರ್ನಲ್ ಡೆವಲಪರ್ ಹಾನ್ಸ್ ಡಿ ಗೋಡ ಅವರ ವರ್ಷಗಟ್ಟಲೆಯ ದುಡಿಮೆ ಇದೆ. ಕಂಪನಿಗಳು ಕೈಬಿಟ್ಟ ಯಂತ್ರಗಳಿಗಾಗಿ ಒಬ್ಬರು ಇಷ್ಟು ಕೂತು ಕೆಲಸ ಮಾಡಿದ್ದಾರೆ ಎಂದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಟಚ್ ಬಂತು. ಪರದೆ ತಿರುಗುವುದೂ ಬಂತು, ಆದರೆ ಉಲ್ಟಾ: ಬಲಕ್ಕೆ ವಾಲಿಸಿದರೆ ಅಕ್ಷರಗಳು ತಲೆಕೆಳಗು. ವಾಲುವಿಕೆಯನ್ನು ಗುರುತಿಸುವ ಒಳಗಿನ ಆಕ್ಸೆಲೆರೋಮೀಟರ್ ಅನ್ನು ಯಾವ ದಿಕ್ಕಿಗೆ ಕೂರಿಸಿದ್ದಾರೆ ಎಂಬುದನ್ನು, ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಹಾರ್ಡ್‌ವೇರ್ ಡೇಟಾಬೇಸ್‌ನಲ್ಲಿ ಒಂದು ಸಾಲು ಬರೆದು ತಿಳಿಸಿದೆ, ಸರಿಹೋಯಿತು. ಸರಿಯಾದ ಸಾಲನ್ನು ಮೂಲ ಯೋಜನೆಗೂ ಕಳಿಸಬೇಕು. ಇದೇ ಮಾಡೆಲ್ ಇಟ್ಟುಕೊಂಡ ಇನ್ನೊಬ್ಬರಿಗೆ ಈ ಪಾಡು ಬೇಡ.

ತೆರೆಯ ಮೇಲೆ ಕಾಣುವ ವಿನ್ಯಾಸಗಳಲ್ಲಿ (ಡೆಸ್ಕ್‌ಟಾಪ್) ಗ್ನೋಮ್ ಬೆರಳಿಗೆ ಹಿತವಾಗಿದೆ, ಕೆಳಗಿನ ಅಂಚಿನಿಂದ ಎಳೆದರೆ ಕೀಬೋರ್ಡ್ ಮೇಲೆ ಬರುತ್ತದೆ. ಆದರೆ 2 ಜಿಬಿಯಲ್ಲಿ ಬ್ರೌಸರ್ ತೆರೆದೊಡನೆ ಏದುಸಿರು. ಲಿಬ್ರೆಮ್ 5 ಎಂಬ ಲಿನಕ್ಸ್ ಫೋನಿಗಾಗಿ ಹುಟ್ಟಿದ ಇನ್ನೊಂದು ವಿನ್ಯಾಸ ಫಾಶ್ ಹಗುರ. ಡೆಬಿಯನ್ 13ರ ಮೇಲೆ ಅದನ್ನೇ ಉಳಿಸಿಕೊಂಡೆ. ಕನ್ನಡ ಫಾಂಟ್‌ಗಳ ಪ್ಯಾಕೇಜ್ ಹಾಕಿದ ಮೇಲೆ ಒತ್ತಕ್ಷರಗಳೂ ಅಚ್ಚುಕಟ್ಟಾಗಿ ಕೂತಿವೆ.

ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಡಿಸ್ಕ್ ಎನ್‌ಕ್ರಿಪ್ಟ್ ಮಾಡಲಿಲ್ಲ. ಸಾಮಾನ್ಯ ಡಿಸ್ಟ್ರೋಗಳಲ್ಲಿ ಬೂಟ್ ಹೊತ್ತಿನ ಪಾಸ್‌ವರ್ಡ್‌ಗೆ ತೆರೆಯ ಮೇಲೆ ಕೀಬೋರ್ಡ್ ಬರುವುದಿಲ್ಲ. ಫೋನುಗಳಿಗೆಂದೇ ಇರುವ ಲಿನಕ್ಸ್ ಪೋಸ್ಟ್‌ಮಾರ್ಕೆಟ್‌ಓಎಸ್‌ನವರು ಅದಕ್ಕೆಂದೇ ‘ಅನ್‌ಲಾಕರ್’ (unl0kr) ಮಾಡಿದ್ದಾರೆ. ಎಲ್ಲ ಡಿಸ್ಟ್ರೋಗಳೂ ಇದನ್ನು ತೆಗೆದುಕೊಳ್ಳಬೇಕು. ಆಫೀಸಿನ ಕಡತ ಇಟ್ಟುಕೊಳ್ಳುವವರಿಗೆ ಎನ್‌ಕ್ರಿಪ್ಷನ್ ಇಲ್ಲದೆ ಆಗದು. ಕ್ಯಾಮೆರಾ ಕೆಲಸ ಮಾಡುತ್ತಿಲ್ಲ, ಅಪ್ಪನಿಗೆ ಅದು ಬೇಕಾಗಿಯೂ ಇಲ್ಲ.