ನೀರು ಇಳಿದ ಮೇಲೆ ಬರುವ ಸದ್ದು

ಟ್ರೇಯಿಂದ ನೀರು ಪೂರ್ತಿ ಇಳಿಯುವಾಗ ಕೊನೆಯಲ್ಲಿ ಒಂದು ಸದ್ದು ಬರುತ್ತದೆ. ಗೊಟಕ್, ಗೊಟಗೊಟ, ಆಮೇಲೆ ಉದ್ದಕ್ಕೆ ಸೊರ್ ಅಂತ. ನೀರಿನ ಬೆನ್ನಿಗೇ ಗಾಳಿ ಪೈಪಿಗೆ ನುಗ್ಗುವ ಸದ್ದು ಅದು. ದೀಪ, ಫ್ಯಾನು, ಪಂಪು ಎಲ್ಲದರ ಗುಂಯ್ ಶಬ್ದದ ನಡುವೆಯೂ ನನ್ನ ಕಿವಿ ಅದನ್ನು ಹಿಡಿದುಬಿಡುತ್ತದೆ. ಆರು ಅಟ್ಟದ ರ‍್ಯಾಕಿನಿಂದ ಆರು ಸಲ ಕೇಳಿಸಿದರೆ ಸಮಾಧಾನ. ಐದೇ ಸಲ ಕೇಳಿಸಿದರೆ ಏಣಿ ತರುತ್ತೇನೆ.

ಕಟ್ಟಡದ ಒಳಗೆ, ಅಟ್ಟದ ಮೇಲೆ ಅಟ್ಟ ಹಾಕಿ, ಎಲ್‌ಇಡಿ ಬೆಳಕಿನಲ್ಲಿ ಲೆಟ್ಯೂಸ್ ಮತ್ತು ಬೇಸಿಲ್ ಬೆಳೆಯುವ ಫಾರ್ಮಿನಲ್ಲಿ ಐದು ವರ್ಷದಿಂದ ನೀರಿನ ಕೆಲಸ ನನ್ನದು. ಪಂಪು, ಪೈಪು, ವಾಲ್ವು, ಸೆನ್ಸರು, ಕಂಟ್ರೋಲರ್ ಪೆಟ್ಟಿಗೆ, ಎಲ್ಲ ನನ್ನ ಪಾಲಿಗೆ. ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆ ಒಂದೇ: "ಎಲ್ಲಾ ಆಟೋಮ್ಯಾಟಿಕ್ಕಾ? ಗಿಡಕ್ಕೆ ನೀರು ತಾನೇ ಹೋಗುತ್ತಾ?" ಹೋಗುತ್ತದೆ. ಅದು ಈ ಕೆಲಸದ ಸುಲಭದ ಭಾಗ. ಒಂದು ಟೈಮರ್, ಒಂದು ಪಂಪ್ ಇದ್ದರೆ ನೀರು ಹೋಗುತ್ತದೆ. ಹೋದ ನೀರು ಸರಿಯಾದ ಹೊತ್ತಿಗೆ ವಾಪಸ್ ಬರುತ್ತಾ ಅಂತ ಯಾರೂ ಕೇಳುವುದಿಲ್ಲ. ನನ್ನ ಐದು ವರ್ಷದ ಮುಕ್ಕಾಲು ಪಾಲು ಅದರಲ್ಲೇ ಕಳೆದಿದೆ.

ನಮ್ಮದು ತುಂಬಿ ಬಸಿಯುವ ಪದ್ಧತಿ. ರಾಕ್‌ವೂಲ್ (ಕಲ್ಲು ಕರಗಿಸಿ ಎಳೆ ಮಾಡಿದ, ನೀರು ಹಿಡಿದಿಡುವ ವಸ್ತು) ತುಂಡುಗಳಲ್ಲಿ ಸಸಿ ಇರುತ್ತದೆ. ಟ್ರೇಗೆ 4 ಸೆಂಟಿಮೀಟರ್ ಎತ್ತರಕ್ಕೆ ಗೊಬ್ಬರದ ನೀರು ಏರುತ್ತದೆ, ಎರಡು ನಿಮಿಷ ನಿಲ್ಲುತ್ತದೆ, ಆಮೇಲೆ ಬಸಿದು ಕೆಳಗಿನ ಟ್ಯಾಂಕಿಗೆ ಇಳಿಯುತ್ತದೆ. 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಟ್ರೇ. ಲೆಕ್ಕ ಹಾಕಿದರೆ ಒಂದು ಟ್ರೇಗೆ ಹತ್ತಿರ ಹತ್ತಿರ 29 ಲೀಟರ್.

ನೀರು ತುಂಬುವುದು ಯಾಕೆ ಅಂತ ಎಲ್ಲರಿಗೂ ಗೊತ್ತು. ಬಸಿಯುವುದು ಯಾಕೆ ಅಂತ ಅರ್ಥವಾಗಲು ನನಗೆ ಸಮಯ ಹಿಡಿಯಿತು. ಬೇರಿಗೂ ಉಸಿರಾಟ ಇದೆ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗಿ ಇರಬಲ್ಲ ಆಮ್ಲಜನಕ ಹೆಚ್ಚೆಂದರೆ 9 ಮಿಲಿಗ್ರಾಂ. 30 ಡಿಗ್ರಿಗೆ ಬಿಸಿಯಾದರೆ ಅದು ಏಳೂವರೆಗೆ ಇಳಿಯುತ್ತದೆ. ಅದೇ ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಇದೆ. ಮೂವತ್ತು ಪಟ್ಟು! ಟ್ರೇಯಿಂದ ನೀರು ಇಳಿದಾಗ ಅದರ ಜಾಗಕ್ಕೆ ಗಾಳಿ ಬಂದು ಬೇರಿನ ಸಂದಿಗೊಂದಿಯಲ್ಲಿ ಕೂರುತ್ತದೆ. ನೀರು ಇಳಿಯದೆ ನಿಂತರೆ, ಅದರಲ್ಲೂ ಸ್ವಲ್ಪ ಬೆಚ್ಚಗಿದ್ದರೆ, ಪಿಥಿಯಂ ಎಂಬ ರೋಗಾಣು ಬರುತ್ತದೆ. ಬಿಳಿ ಬೇರು ಮೊದಲು ಹಳದಿ, ಆಮೇಲೆ ಕಂದು. ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕೈಗೆ ಬರುತ್ತದೆ, ಒಳಗಿನ ದಾರ ಅಲ್ಲೇ ಉಳಿಯುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಇದು ಹೊಸ ತಿಳಿವಳಿಕೆ ಏನಲ್ಲ. 1930ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಗೆರಿಕ್ ಮಣ್ಣಿಲ್ಲದೆ ಟೊಮೆಟೊ ಬೆಳೆಸಿದಾಗ ಗಿಡ ಕೂರಿಸಿದ್ದು ತೊಟ್ಟಿಯ ಮೇಲಿನ ತಂತಿ ಜಾಲರಿಯಲ್ಲಿ. ಜಾಲರಿಗೂ ನೀರಿಗೂ ನಡುವೆ ಗಾಳಿಗೆ ಜಾಗ ಬಿಟ್ಟಿದ್ದರು. 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅಲೆನ್ ಕೂಪರ್ ಕಾಲುವೆಯಂಥ ಪಟ್ಟಿಯಲ್ಲಿ ನೀರನ್ನು ತೆಳ್ಳಗೆ, ಪೊರೆಯ ಹಾಗೆ ಹರಿಸುವ ಪದ್ಧತಿ ತಂದರು. ಬೇರಿನ ಕೆಳಭಾಗ ನೀರಿನಲ್ಲಿ, ಮೇಲ್ಭಾಗ ಗಾಳಿಯಲ್ಲಿ. ಅದನ್ನೇ ಎನ್‌ಎಫ್‌ಟಿ ಅನ್ನುತ್ತಾರೆ. ಇಬ್ಬರ ದಾರಿ ಬೇರೆ ಬೇರೆ. ಆದರೆ ಬೇರನ್ನು ಪೂರ್ತಿ ಮುಳುಗಿಸಬಾರದು ಅನ್ನುವುದರಲ್ಲಿ ಇಬ್ಬರೂ ಒಂದೇ. ಮಣ್ಣಿನ ಹೊಲದಲ್ಲಿ ಹದ ಅನ್ನುತ್ತೇವಲ್ಲ, ಅದೂ ಇದೇ. ಹದ ಅಂದರೆ ನೀರೂ ಇರಬೇಕು, ಗಾಳಿಯೂ ಇರಬೇಕು.

ಈಗ ಎರಡನೇ ವರ್ಷದಲ್ಲಿ ನಡೆದದ್ದನ್ನು ಹೇಳುತ್ತೇನೆ.

ಆಗ ರ‍್ಯಾಕಿನ ಆರೂ ಟ್ರೇಗಳಿಗೆ ಒಂದೇ ಸಲ ನೀರು ಬಿಡುತ್ತಿದ್ದೆವು, ದಿನಕ್ಕೆ ನಾಲ್ಕು ಬಾರಿ. ಟ್ಯಾಂಕಿನ ಒಳಗೆ ಒಂದು ಫ್ಲೋಟ್ ವಾಲ್ವ್ ಇತ್ತು. ಗಿಡ ಕುಡಿದು ಮಟ್ಟ ಕಡಿಮೆಯಾದರೆ ಹೊಸ ನೀರು ತಾನೇ ಬಂದು ತುಂಬಿಕೊಳ್ಳಲಿ ಅಂತ. ಗೊಬ್ಬರದ ಪ್ರಮಾಣ ನೋಡಲು ಇಸಿ (ನೀರಿನ ವಿದ್ಯುತ್ ವಾಹಕತೆ) ಸೆನ್ಸರ್, ರಸಸಾರ ನೋಡಲು ಪಿಎಚ್ ಸೆನ್ಸರ್. ಇಸಿ ಇಳಿದರೆ ಸಣ್ಣ ಪಂಪುಗಳು ಎ ಕ್ಯಾನಿನಿಂದಲೂ ಬಿ ಕ್ಯಾನಿನಿಂದಲೂ ಗೊಬ್ಬರದ ದ್ರಾವಣ ಸೇರಿಸುತ್ತವೆ. (ಎ ಮತ್ತು ಬಿ ಬೇರೆ ಬೇರೆ ಇಡಲೇಬೇಕು. ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ ಹೋಗಿ ಸಲ್ಫೇಟ್, ಫಾಸ್ಫೇಟ್ ಜೊತೆ ಸೇರಿದರೆ ಬಿಳಿ ಗಸಿಯಾಗಿ ತಳ ಹಿಡಿಯುತ್ತದೆ.) ಪರದೆಯ ಮೇಲೆ ಇಸಿ ಗೆರೆ 1.6ರಲ್ಲಿ, ಪಿಎಚ್ ಗೆರೆ 5.8ರಲ್ಲಿ, ಎರಡೂ ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ. ಗಿಡಗಳೂ ಚೆನ್ನಾಗಿದ್ದವು.

ಒಂದು ಬೆಳಿಗ್ಗೆ ಜೊತೆಗೆ ಕೆಲಸ ಮಾಡುವ ಹುಡುಗ ಬಂದು, "ಅಕ್ಕಾ, ಎ ಕ್ಯಾನ್ ಮತ್ತೆ ಖಾಲಿ" ಅಂದ. ಅದು 10 ಲೀಟರಿನ ಕ್ಯಾನ್. ತಿಂಗಳುಗಟ್ಟಲೆ ಬರಬೇಕು. ನಾಲ್ಕೇ ದಿನದ ಹಿಂದೆ ತುಂಬಿದ್ದೆವು. ಎಲ್ಲೋ ಸೋರುತ್ತಿದೆ ಅಂದುಕೊಂಡು ಪ್ರತಿ ಜಾಯಿಂಟಿನ ಕೆಳಗೂ ಒಣ ಕಾಗದ ಹಿಡಿದು ನೋಡಿದೆವು. ಒಂದು ಹನಿಯೂ ಇಲ್ಲ. ಆಮೇಲೆ ನಾನು ಸುಮ್ನೆ ಟ್ಯಾಂಕಿನ ಪಕ್ಕ ನೆಲದ ಮೇಲೆ ಕೂತು ಒಂದು ಪೂರ್ತಿ ಸರದಿ ನೋಡಿದೆ.

ಪಂಪ್ ಶುರುವಾಯಿತು. ಆರು ಟ್ರೇಗೆ 174 ಲೀಟರ್ ಮೇಲೆ ಹೋಯಿತು. ಟ್ಯಾಂಕಿನ ಮಟ್ಟ ಸರ್ರನೆ ಇಳಿಯಿತು. ಫ್ಲೋಟ್ ವಾಲ್ವಿಗೆ ಏನು ಗೊತ್ತು? ನೀರು ಕಡಿಮೆಯಾಗಿದೆ ಅಂತ ಬಾಯಿ ತೆರೆಯಿತು. ನಿಮಿಷಕ್ಕೆ 6 ಲೀಟರಿನಂತೆ ಹತ್ತು ನಿಮಿಷ ಹೊಸ ನೀರು ಸುರಿಯಿತು. ಅಷ್ಟರಲ್ಲಿ ಮೇಲಿನ ನೀರು ವಾಪಸ್ ಬಂತು. ಟ್ಯಾಂಕಿನಲ್ಲಿ ಜಾಗವಿಲ್ಲ. ಹೆಚ್ಚಾದ 60 ಲೀಟರ್ ಮೇಲಿನ ಓವರ್‌ಫ್ಲೋ ಪೈಪಿನಿಂದ ಸದ್ದಿಲ್ಲದೆ ನೆಲದಡಿಯ ಚರಂಡಿಗೆ ಇಳಿಯಿತು. ತೆಳುವಾದ ನೀರನ್ನು ನೋಡಿ ಇಸಿ ಸೆನ್ಸರ್ ಗೊಬ್ಬರ ಬೇಡಿತು, ಸಣ್ಣ ಪಂಪು ಕೊಟ್ಟಿತು. ಗೆರೆ ಮತ್ತೆ ನೆಟ್ಟಗಾಯಿತು.

ದಿನಕ್ಕೆ 240 ಲೀಟರ್ ಗೊಬ್ಬರದ ನೀರು ಚರಂಡಿಗೆ. ಗಿಡಗಳು ಕುಡಿಯುತ್ತಿದ್ದದ್ದು ದಿನಕ್ಕೆ 10 ಲೀಟರಿನ ಆಸುಪಾಸು. ನೀರು ಉಳಿಸುತ್ತೇವೆ ಅಂತ ಹೇಳಿಕೊಂಡು ನಡೆಸುವ ಕೆಲಸದಲ್ಲಿ ಇದು. ಆ ದಿನ ಊಟ ಸೇರಲಿಲ್ಲ. ಸೆನ್ಸರ್ ಒಂದೂ ಕೆಟ್ಟಿರಲಿಲ್ಲ, ಪ್ರತಿಯೊಂದೂ ಹೇಳಿದ ಕೆಲಸವನ್ನೇ ಮಾಡಿತ್ತು. ನೀರು ವಾಪಸ್ ಬರುವ ಹೊತ್ತಿನಲ್ಲಿ ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ, ಅಷ್ಟೇ.

ಸರಿಪಡಿಸಲು ಎರಡು ಕೆಲಸ ಮಾಡಿದೆವು. ಒಂದು, ಪ್ರತಿ ಟ್ರೇಗೂ ಬೇರೆ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಹಾಕಿ ಒಂದಾದ ಮೇಲೆ ಒಂದಕ್ಕೆ ನೀರು ಬಿಟ್ಟೆವು. ಈಗ ಯಾವ ಹೊತ್ತಿನಲ್ಲೂ ಮೇಲಿರುವುದು 29 ಲೀಟರ್ ಮಾತ್ರ. ಕರೆಂಟ್ ಹೋಗಿ ಎಲ್ಲಾ ನೀರು ಒಮ್ಮೆಗೇ ಇಳಿದರೂ ಟ್ಯಾಂಕಿಗೆ ತೊಂದರೆಯಿಲ್ಲ. ಇನ್ನೊಂದು, ಫ್ಲೋಟ್ ವಾಲ್ವ್ ಕಿತ್ತು ಹಾಕಿದೆವು. ಆರೂ ಟ್ರೇ ಬರಿದಾಗಿವೆ ಎಂದು ಖಾತ್ರಿಯಾದ ಮೇಲೆ, ದಿನಕ್ಕೆ ಒಂದು ಸಲ, ದೀಪ ಹತ್ತುವ ಮೊದಲು ಮಾತ್ರ ಹೊಸ ನೀರು.

ಸರದಿಯ ಪದ್ಧತಿಯಿಂದ ಇನ್ನೊಂದು ಹಳೇ ತಲೆನೋವೂ ಹೋಯಿತು. ನೀರನ್ನು 10 ಮೀಟರ್ ಮೇಲೆತ್ತಲು ಸುಮಾರು ಒಂದು ಬಾರ್ ಒತ್ತಡ ಬೇಕು. ನಮ್ಮ ಕೆಳಗಿನ ಅಟ್ಟಕ್ಕೂ ಮೇಲಿನ ಅಟ್ಟಕ್ಕೂ ಎರಡೂವರೆ ಮೀಟರ್ ಅಂತರ, ಅಂದರೆ ಕಾಲು ಬಾರ್ ವ್ಯತ್ಯಾಸ. ಕೇಳಲು ಚಿಕ್ಕದು. ಆದರೆ ಒಂದೇ ಪೈಪಿನಿಂದ ಎಲ್ಲಕ್ಕೂ ಬಿಟ್ಟರೆ ಕೆಳಗಿನ ಟ್ರೇ ತುಂಬಿ ತುಳುಕುವಾಗ ಮೇಲಿನದು ಇನ್ನೂ ಅರ್ಧ. ಬಾಲ್ ವಾಲ್ವುಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ವಾರಗಟ್ಟಲೆ ಹೊಂದಿಸುತ್ತಿದ್ದೆ. ಈಗ ಪ್ರತಿ ಅಟ್ಟಕ್ಕೂ ಅದರದೇ ತುಂಬುವ ಸಮಯ ಪ್ರೋಗ್ರಾಮಿನಲ್ಲಿದೆ.

ಆರೂ ಟ್ರೇ ಬರಿದಾಗಿವೆ ಎಂದು ಖಾತ್ರಿಯಾಗಬೇಕು ಅಂದೆನಲ್ಲ, ಅದಕ್ಕಾಗಿ ಪ್ರತಿ ಟ್ರೇಯ ತಗ್ಗಿನ ಮೂಲೆಯಲ್ಲಿ ಒಂದು ಪುಟ್ಟ ಫ್ಲೋಟ್ ಸ್ವಿಚ್ ಕೂರಿಸಿದೆವು. ಪಂಪ್ ನಿಂತ ಕ್ಷಣದಿಂದ ಆ ಸ್ವಿಚ್ ಕೆಳಗೆ ಬೀಳುವವರೆಗೆ ಎಷ್ಟು ಹೊತ್ತು ಅಂತ ಕಂಟ್ರೋಲರ್ ಬರೆದಿಡುತ್ತದೆ. ಮೊದಲು ಇದು ಬರೀ ಬೀಗದ ಹಾಗೆ ಇರಲಿ ಅಂತ ಹಾಕಿದ್ದು. ಈಗ ಇಡೀ ಫಾರ್ಮಿನಲ್ಲಿ ನಾನು ಅತಿ ಜಾಸ್ತಿ ನಂಬುವ ಅಂಕಿ ಇದೇ. ಬಸಿಯುವ ಸಮಯ. ಶುಭ್ರವಾದ ಟ್ರೇಗೆ 5 ನಿಮಿಷದ ಆಸುಪಾಸು.

ಅದರ ಬೆಲೆ ನನಗೆ ತಿಳಿದದ್ದು ಬೇಸಿಲ್ ಅಟ್ಟದಿಂದ. ಒಂದು ವಾರ 5 ನಿಮಿಷ ಇದ್ದದ್ದು ಐದೂಕಾಲು, ಐದೂಮುಕ್ಕಾಲು, ಆರೂವರೆ ಅಂತ ಏರಿತು. ಮೇಲಿನಿಂದ ನೋಡಿದರೆ ಗಿಡ ಗಟ್ಟಿಮುಟ್ಟು. ಎಲೆ ದಪ್ಪ, ಹೊಳಪು, ಘಮ್ಮೆನ್ನುವ ವಾಸನೆ. ಇಸಿ ಸರಿ, ಪಿಎಚ್ ಸರಿ. ಏಣಿ ಹತ್ತಿ ಮೂಲೆಯ ಗಿಡ ಎತ್ತಲು ಹೋದೆ, ಬರಲಿಲ್ಲ. ಏನೋ ಕೆಳಗಿನಿಂದ ಹಿಡಿದುಕೊಂಡಂತೆ. ಮೆಲ್ಲಗೆ ಆಚೀಚೆ ಅಲ್ಲಾಡಿಸಿ ಎಳೆದಾಗ 25 ಮಿಲಿಮೀಟರಿನ ಬಸಿಯುವ ಪೈಪಿನ ಒಳಗಿಂದ ಬೇರು ಬಂತು. ಬಂತು, ಬಂತು, ಬರುತ್ತಲೇ ಇತ್ತು. ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ. ಬಿಳೀ ಜಡೆ ಹೆಣೆದ ಹಾಗೆ, ಪೈಪಿನ ಅಳತೆಗೆ ಸರಿಯಾಗಿ ದುಂಡಗೆ. ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪೈಪಿನ ಒಳಗೆ ಕತ್ತಲು, ತಂಪು, ಸದಾ ಒದ್ದೆ. ಬೇರಿಗೆ ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಇನ್ನು ಒಂದು ವಾರ ಬಿಟ್ಟಿದ್ದರೆ ಪೈಪು ಪೂರ್ತಿ ಮುಚ್ಚಿ ಆ ಟ್ರೇಯ ಗಿಡಗಳೆಲ್ಲ ನಿಂತ ನೀರಿನಲ್ಲಿ ಕೊಳೆಯುತ್ತಿದ್ದವು. ಆಮೇಲೆ ಎಲ್ಲಾ ಬಾಯಿಗೂ ಜಾಲರಿ ಹಾಕಿದ್ದೇವೆ. ಜಾಲರಿಗೂ ಬೇರು ಹೆಣೆದುಕೊಳ್ಳುತ್ತದೆ, ಆದರೆ ಅದನ್ನು ಕೈಯಿಂದ ತೆಗೆಯಬಹುದು.

ಅಲಾರಂ ಬಗ್ಗೆಯೂ ಒಂದು ಮಾತು ಹೇಳುತ್ತೇನೆ. ಬಹಳ ಕಡೆ ಪಂಪಿಗೆ ಕರೆಂಟ್ ಹೋಗುತ್ತಿದೆಯಾ ಅಂತ ಮಾತ್ರ ಕಾಯುತ್ತಾರೆ. ಪಂಪ್ ಆನ್ ಆಗಿದೆ ಎಂಬ ಸುದ್ದಿಯೇ ಬೇರೆ, ನೀರು ಹರಿಯುತ್ತಿದೆ ಎಂಬ ಸುದ್ದಿಯೇ ಬೇರೆ. ಗಾಳಿ ಕಟ್ಟಿಕೊಂಡ ಪಂಪ್ ಗಂಟೆಗಟ್ಟಲೆ ಸುಮ್ಮನೆ ತಿರುಗುತ್ತದೆ. ಅಲಾರಮನ್ನು ನೀರಿಗೆ ಕಟ್ಟಿ. ಪೈಪಿನಲ್ಲಿ ಹರಿವು ನೋಡುವ ಸ್ವಿಚ್ ಒಂದು ಹಾಕಿ. ಎನ್‌ಎಫ್‌ಟಿ ಇದ್ದವರಿಗಂತೂ ಇದು ಬೇಕೇ ಬೇಕು. ಅಲ್ಲಿ ಬೇರಿನ ಸುತ್ತ ನೀರು ಹಿಡಿದಿಡುವ ವಸ್ತು ಹೆಚ್ಚೇನೂ ಇಲ್ಲ, ಪಂಪ್ ಕೈಕೊಟ್ಟರೆ ಕೆಲವೇ ಗಂಟೆಗಳಲ್ಲಿ ಗಿಡ ತಲೆ ಬಾಗಿಸುತ್ತದೆ. ನಮ್ಮ ರಾಕ್‌ವೂಲ್ ಆದರೆ ಒಂದು ದಿನ ತಡೆದುಕೊಳ್ಳುತ್ತದೆ.

ಪಿಎಚ್ ಸೆನ್ಸರ್ ಬಗ್ಗೆ ಇಷ್ಟೇ: ಪ್ರತಿ ಸೋಮವಾರ 7 ಮತ್ತು 4ರ ದ್ರಾವಣದಲ್ಲಿ ಅದ್ದಿ ಸರಿಮಾಡುತ್ತೇನೆ. ಗಾಜಿನ ಗುಂಡಿಗೆ ಲೋಳೆ ಹಿಡಿದಿದ್ದರೆ ಒರೆಸುವುದಿಲ್ಲ, ಮೆಲ್ಲಗೆ ತೊಳೆಯುತ್ತೇನೆ. ಅದನ್ನು ಒಣಗಲು ಬಿಡುವುದಿಲ್ಲ.

ರಾತ್ರಿಯ ವಿಷಯ ನನಗೆ ಇಷ್ಟ. ನಮ್ಮ ದೀಪ 16 ಗಂಟೆ ಹತ್ತಿರುತ್ತದೆ, 8 ಗಂಟೆ ಕತ್ತಲು. ಬೆಳಕಿದ್ದಾಗ ಎಲೆ ಆವಿ ಬಿಡುತ್ತದೆ, ನೀರು ಎಳೆಯುತ್ತದೆ. ಹಾಗಾಗಿ ಮೂರು ಸರದಿ ಬೆಳಕಿನಲ್ಲಿ. ನಾಲ್ಕನೆಯದು ದೀಪ ಆರಿದ ಒಂದು ಗಂಟೆಗೆ. ಕತ್ತಲಲ್ಲಿ ನೀರು ಯಾಕೆ ಅಂತ ಕೇಳಬಹುದು. ಲೆಟ್ಯೂಸಿನ ಒಳಗಿನ ಎಳೆಯ ಎಲೆಗಳು ಹಗಲಲ್ಲಿ ಅಷ್ಟಾಗಿ ಆವಿ ಬಿಡುವುದಿಲ್ಲ. ಕ್ಯಾಲ್ಸಿಯಂ ನೀರಿನ ಜೊತೆ ಹೋಗುವುದರಿಂದ ಅವಕ್ಕೆ ಸಾಕಷ್ಟು ತಲುಪದೆ ಅಂಚು ಸುಟ್ಟ ಹಾಗೆ ಕಂದಾಗುತ್ತದೆ. ರಾತ್ರಿ ಆವಿ ನಿಂತಾಗ ಬೇರಿನ ಒತ್ತಡವೇ ನೀರನ್ನು ಮೇಲೆ ತಳ್ಳುತ್ತದೆ, ಆಗ ಒಳಗಿನ ಎಲೆಗೂ ಪಾಲು ಸಿಗುತ್ತದೆ. ಫ್ಯಾನಿನ ಗಾಳಿ ಒಳಗಿನ ಎಲೆವರೆಗೆ ತಲುಪುವಂತೆ ತಿರುಗಿಸಿದ್ದೂ ಸಹಾಯವಾಯಿತು. ಬೆಳಗಿನ ಜಾವ, ದೀಪ ಹತ್ತುವ ಸ್ವಲ್ಪ ಮುಂಚೆ ಟಾರ್ಚ್ ಹಿಡಿದು ಹೋದರೆ ಪ್ರತಿ ಎಲೆಯ ಅಂಚಿನಲ್ಲೂ ಸಾಲಾಗಿ ಹನಿ. ಇಬ್ಬನಿ ಅಲ್ಲ, ಗಿಡ ಒಳಗಿನಿಂದ ಹೊರಗೆ ತಳ್ಳಿದ ನೀರು. ಆ ಸಾಲು ಒಂದು ಅಟ್ಟದಲ್ಲಿ ಕಾಣದಿದ್ದರೆ ಮೊದಲು ಆ ಅಟ್ಟದ ಬೇರು ನೋಡುತ್ತೇನೆ.

ಗಿಡ ಬಿಟ್ಟ ಆವಿಯೂ ವ್ಯರ್ಥವಲ್ಲ. ಗಾಳಿಯ ತೇವ ಹೀರುವ ಯಂತ್ರದ ತಣ್ಣನೆಯ ಸುರುಳಿಗೆ ತಾಗಿ ನೀರಾಗಿ ಇಳಿಯುತ್ತದೆ. ಹೊಸ ನೀರು ಅನ್ನುತ್ತೇವಲ್ಲ, ಅದರಲ್ಲಿ ದೊಡ್ಡ ಪಾಲು ಈಗ ಇದೇ. ಲವಣ ಹೆಚ್ಚುಕಮ್ಮಿ ಸೊನ್ನೆ. ಸುರುಳಿಯ ತಾಮ್ರ ಸ್ವಲ್ಪ ಕರಗಿ ಬರುವ ಸಾಧ್ಯತೆ ಇರುವುದರಿಂದ ಆಗಾಗ ಪರೀಕ್ಷೆಗೆ ಕೊಡುತ್ತೇವೆ.

ಇದನ್ನು ಬರೆಯುತ್ತಿರುವಾಗ ಕೊನೆಯ ಸರದಿ ಮುಗಿಯಿತು. ಬಸಿದ ಸಮಯ: ಮೊದಲ ಅಟ್ಟ 5 ನಿಮಿಷ 2 ಸೆಕೆಂಡ್, ಎರಡು 4.58, ಮೂರು 5.10, ನಾಲ್ಕು 5.04, ಐದು 5.41, ಆರು 5.06. ಐದನೆಯದು ನಿನ್ನೆ 5.22 ಇತ್ತು. ಅದರಲ್ಲಿರುವುದು ಮೂರು ವಾರದ ಬೇಸಿಲ್. ಕತ್ತರಿ, ಬಕೆಟ್, ಟಾರ್ಚ್ ಏಣಿಯ ಬುಡದಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ದೀಪ ಹತ್ತುವ ಮೊದಲೇ ಜಾಲರಿ ಬಿಚ್ಚಬೇಕು.