‘ನಮ್ಮ ಪುಸ್ತಕಕ್ಕೆ ಯಾವ ಫಾಂಟ್ ಹಾಕಲಿ?’

ಪುಸ್ತಕದ ಒಳಪುಟ ಮಾಡುವ ಕೆಲಸ ನನ್ನದು ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಪುಸ್ತಕ ಸ್ವಲ್ಪ ಬೇರೆ ಥರ ಕಾಣಬೇಕು, ಯಾವ ಫಾಂಟ್ ಹಾಕಲಿ? ಫಾಂಟ್ ಆಮೇಲೆ ನೋಡೋಣ, ಮೊದಲು ಸಾಲುಗಳ ನಡುವಿನ ಜಾಗ ಬದಲಿಸಿ ನೋಡಿ ಅನ್ನುತ್ತೇನೆ.

ಯಾಕೆ ಅಂದರೆ ನಮ್ಮ ಅಕ್ಷರಗಳು ಬರೀ ಅಕ್ಕಪಕ್ಕ ಕೂರುವುದಿಲ್ಲ, ಕೆಳಕ್ಕೂ ಇಳಿಯುತ್ತವೆ. ‘ರಾಷ್ಟ್ರ’ ಅಂತ ಬರೆದು ನೋಡಿ. ಷ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಕೆಳಗಿನ ಸಾಲಿನಲ್ಲಿ ಅದೇ ಜಾಗಕ್ಕೆ ಒಂದು ‘ಕೀ’ಯೋ ‘ಧಿ’ಯೋ ಬಂದರೆ ಮೇಲಿನ ಒತ್ತು, ಕೆಳಗಿನ ಗುಡಿಸು ಎರಡೂ ತಾಗಿಕೊಳ್ಳುತ್ತವೆ. ಪುಟ ಜೋಡಿಸುವ ಸಾಫ್ಟ್‌ವೇರು ಇನ್‌ಡಿಸೈನ್ ತಾನಾಗಿ ಕೊಡುವ ಸಾಲಿನ ಅಂತರ ಅಕ್ಷರದ ಅಳತೆಯ 120%, ಅಂದರೆ 12 ಪಾಯಿಂಟ್ ಅಳತೆಯ ಅಕ್ಷರಕ್ಕೆ 14.4 ಪಾಯಿಂಟ್. ಇಂಗ್ಲಿಷಿಗೆ ಅಷ್ಟು ಸಾಕು, ಆದರೆ ಎಷ್ಟೋ ಕನ್ನಡ ಫಾಂಟುಗಳಿಗೆ ಇಕ್ಕಟ್ಟು. ನಾನು 17ರಿಂದ ಶುರು ಮಾಡಿ ಅರ್ಧರ್ಧ ಪಾಯಿಂಟ್ ಇಳಿಸುತ್ತಾ ಬರುತ್ತೇನೆ. ಕಣ್ಣು ಸಾಲು ತಪ್ಪುವ ಮುಂಚೆ ನಿಲ್ಲಿಸುತ್ತೇನೆ.

ಪುಟ ಜಾಸ್ತಿ ಆಗುತ್ತಲ್ಲ ಅಂತ ಪ್ರಕಾಶಕರು ಹೇಳುತ್ತಾರೆ. ನಿಜವೇ. 16 ಪುಟದ ಫಾರ್ಮುಗಳಲ್ಲಿ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಅಚ್ಚಾಗುವ 1/8 ಡೆಮಿ ಅಳತೆಯ ಪುಸ್ತಕಕ್ಕೆ ನಾಲ್ಕೇ ಪುಟ ಹೆಚ್ಚಾದರೂ ಲೆಕ್ಕ ಬದಲಾಗುತ್ತದೆ. ಆಗ ಅಕ್ಷರವನ್ನು ಅರ್ಧ ಪಾಯಿಂಟ್ ಚಿಕ್ಕದು ಮಾಡಿ, ಅಂತರವನ್ನು ಮುಟ್ಟಬೇಡಿ.

ಒಮ್ಮೆ ಒಂದು ಕವನ ಸಂಕಲನಕ್ಕೆ ಶೀರ್ಷಿಕೆಗಳ ಅಕ್ಷರಗಳನ್ನು ಬಿಡಿಬಿಡಿಯಾಗಿ ಹರಡಿದ್ದೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಅದು ಚೆಂದ ಕಾಣುತ್ತದೆ, ಅಲ್ವಾ? ಇಲ್ಲಿ ‘ನೀರು’ ಪದದಲ್ಲಿ ದೀರ್ಘದ ಗುರುತು ‘ನಿ’ಯನ್ನು ಬಿಟ್ಟು ಆಚೆ ಸರಿದು ನಿಂತಿತ್ತು. ಪ್ರೂಫ್ ಓದುವಾಗ ಕವಿಯೇ ಅದನ್ನು ತೋರಿಸಿದರು. ಅವತ್ತಿನಿಂದ ಹರಡುವುದನ್ನು ಬಿಟ್ಟೆ. ಶೀರ್ಷಿಕೆಯ ಸುತ್ತ ಖಾಲಿ ಜಾಗ ಬಿಡುತ್ತೇನೆ, ಅಕ್ಷರಗಳ ನಡುವೆ ಅಲ್ಲ. ವಾಲಿಸುವುದೂ ಅಷ್ಟೇ. ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಇಟಾಲಿಕ್ ಇಲ್ಲ, ಸಾಫ್ಟ್‌ವೇರು ಸುಮ್ನೆ ಅಕ್ಷರವನ್ನು ಓರೆ ಮಾಡಿಬಿಡುತ್ತದೆ, ಆಗ ದುಂಡು ಅಕ್ಷರ ಬೀಳುವ ಹಾಗೆ ಕಾಣುತ್ತದೆ. ಒಂದು ಮಾತಿಗೆ ಒತ್ತು ಕೊಡಬೇಕಾದರೆ ಬೇರೊಂದು ಫಾಂಟ್ ಪಕ್ಕಕ್ಕೆ ತನ್ನಿ.

ನನಗೆ ತುಂಬಾ ಖುಷಿ ಕೊಡುವ ಪ್ರಯೋಗ ಪತ್ರಿಕೆಯ ಕಾಲಮ್ಮಿನದು. ‘ಮಾಡಿಕೊಳ್ಳಬೇಕಾಗಿತ್ತೆಂದು’ ಅನ್ನುವಂಥ ಪದ ನಮ್ಮಲ್ಲಿ ದಿನಬೆಳಗಾದರೆ ಬರುತ್ತದೆ. ಮೂರು ಕಾಲಮ್ಮಿನ ಪುಟದಲ್ಲಿ ಎರಡೂ ಅಂಚು ಸಮ ಮಾಡಲು ಹೋದರೆ ಪದಗಳ ನಡುವೆ ದೊಡ್ಡ ದೊಡ್ಡ ತೂತು ಬೀಳುತ್ತವೆ. ಬಲಗಡೆಯ ಅಂಚನ್ನು ಹಾಗೇ ಏರಿಳಿಯಲು ಬಿಡಿ. ಇಲ್ಲವೇ ಕಾಲಮ್ ಎರಡಕ್ಕೆ ಇಳಿಸಿ. ಪದ ಮುರಿಯಲೇಬೇಕಾದರೆ ‘ಮಾಡಿಕೊಳ್ಳ’ ಆದಮೇಲೆ ಮುರಿಯಿರಿ, ಓದುವವರ ಉಸಿರು ಅಲ್ಲಿ ತಡೆಯುವುದಿಲ್ಲ.

ಇದೆಲ್ಲವನ್ನೂ ಪರದೆಯ ಮೇಲೆ ತೀರ್ಮಾನಿಸಬೇಡಿ. ಪುಸ್ತಕಕ್ಕೆ ಬಳಸುವ ಕಾಗದವೇ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಕದ) ಮ್ಯಾಪ್ಲಿಥೊ ಅನ್ನುವ ಲೇಪನವಿಲ್ಲದ ಕಾಗದ ಆದರೆ ಅದೇ, ನಾಲ್ಕು ಹಾಳೆ ತಂದು ಒಂದೇ ಪುಟವನ್ನು ನಾಲ್ಕು ಥರ ಅಚ್ಚು ತೆಗೆಯಿರಿ. ಅಂಥ ಕಾಗದ ಶಾಯಿ ಹೀರುತ್ತದೆ. ದಪ್ಪ ಅಕ್ಷರದಲ್ಲಿ ‘ಥ’, ‘ಧ’ಗಳ ಹೊಟ್ಟೆಯೊಳಗಿನ ಬಿಳಿ, ಚುಕ್ಕಿ, ಸೀಳು ಎಲ್ಲ ಮುಚ್ಚಿಹೋಗಿ ಯಾವುದು ಯಾವುದು ಅಂತಲೇ ತಿಳಿಯುವುದಿಲ್ಲ.

ಇಷ್ಟಾದ ಮೇಲೆ ಫಾಂಟ್. ಯೂನಿಕೋಡ್ ಫಾಂಟೇ ಇರಲಿ, ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳ ಅಕ್ಷರ ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡಿಕೊಳ್ಳಿ, ಇಲ್ಲವಾದರೆ ಒತ್ತಕ್ಷರ ಒಡೆಯುತ್ತವೆ. ಕತೆ, ಕಾದಂಬರಿಗೆ ನಾನು ಮೊದಲು ಹಾಕಿ ನೋಡುವುದು ಟೈರೋ ಕನ್ನಡ. ಅದರಲ್ಲಿ ಬೋಲ್ಡ್ ಇಲ್ಲ, ಹಾಗಾಗಿ ಅಧ್ಯಾಯದ ಹೆಸರನ್ನು ಅಳತೆಯಿಂದ, ಖಾಲಿ ಜಾಗದಿಂದಲೇ ಎತ್ತಿ ತೋರಿಸಬೇಕು. ದಪ್ಪ, ತೆಳು ಹಲವು ಬಗೆ ಬೇಕಿದ್ದರೆ ನೋಟೋ ಸೆರಿಫ್ ಕನ್ನಡ ಇದೆ. ಎರಡೂ ಉಚಿತ. ಎರಡರಲ್ಲೂ ಒಂದೊಂದು ಪುಟ ಅಚ್ಚು ತೆಗೆದು, ಪುಸ್ತಕ ಬರೆದವರಿಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ.